ಎಚ್‌ಎಂ ಸ್ಟ್ರಿಕ್ಟ್ ಆದರೆ ರಿಸಲ್ಟ್ ಬರುತ್ತಾ?

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಮತ್ತು ಎಂಟನೇ ತರಗತಿ ಅಡ್ಮಿಶನ್ನಿನ ವಾರ, ಈ ಎರಡು ಹೊತ್ತಿನಲ್ಲಿ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಹೈಸ್ಕೂಲ್ ಮುಖ್ಯೋಪಾಧ್ಯಾಯರಿಗೆ ತರಬೇತಿ ಕೊಡುವುದು ನನ್ನ ಕೆಲಸ, ಹಾಗಾಗಿ ಕೇಳುವವರದ್ದೇನೂ ತಪ್ಪಿಲ್ಲ. ಆದರೆ ಅದೇ ಉತ್ತರವನ್ನು ಫೋನಿನಲ್ಲಿ, ಮದುವೆ ಹಾಲಿನಲ್ಲಿ, ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಪ್ರಶ್ನೆ: ಮಗಳು ಅನುದಾನಿತ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಕಳೆದ ವರ್ಷ ಹೊಸ ಎಚ್‌ಎಂ ಬಂದರು. ತುಂಬ ಸ್ಟ್ರಿಕ್ಟ್. ಒಂಬತ್ತೂವರೆಗೆ ಸರಿಯಾಗಿ ಗೇಟ್ ಬಂದ್. ದಿನಾ ಕಾರಿಡಾರಿನಲ್ಲಿ ರೌಂಡ್ಸ್. ಶಾಲೆ ಈಗ ಸೂಜಿ ಬಿದ್ದರೂ ಕೇಳುವಷ್ಟು ಶಾಂತ. ಆದರೆ ಮಕ್ಕಳ ಮಾರ್ಕ್ಸ್ ಇದ್ದಲ್ಲೇ ಇದೆ. ಒಳ್ಳೆ ಎಚ್‌ಎಂ ಬಂದರೆ ಫಲಿತಾಂಶ ಏರಬೇಕಲ್ವಾ? ಎಷ್ಟು ವರ್ಷ ಕಾಯಬೇಕು? (ಪೋಷಕರು, ಕಾಪು)

ಉತ್ತರ: ಶಾಲೆ ಶಾಂತವಾಗಿದೆ ಅಂದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಅಂತ ನಿಮಗೆ ಹೇಳಿದವರು ಯಾರು? ನಿಮ್ಮ ಮಗಳಿಗೆ ಬಹುಪದೋಕ್ತಿ ಹೇಳಿಕೊಡುವುದು ಗಣಿತದ ಮೇಷ್ಟ್ರು, ಎಚ್‌ಎಂ ಅಲ್ಲ. ಎಚ್‌ಎಂ ಏನೇ ಮಾಡಲಿ, ಅದು ಆ ಮೇಷ್ಟ್ರ ಪಾಠವನ್ನು ಹಾದು ಬಂದೇ ಮಗಳ ನೋಟ್‌ಬುಕ್ಕಿಗೆ ಇಳಿಯಬೇಕು. ಬೇರೆ ದಾರಿ ಇಲ್ಲ. ಪಾಠಕ್ಕೆ ತಾಗದ ನಾಯಕತ್ವ ಮಾರ್ಕ್ಸಿಗೂ ತಾಗುವುದಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರ ಅಲ್ಲ. ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ್ದರು. ಮಗುವಿನ ಕಲಿಕೆ ಮೇಲೆ ಶಾಲೆಯೊಳಗಿನ ಯಾವುದರ ಪ್ರಭಾವ ಜಾಸ್ತಿ ಅಂದರೆ, ಮೊದಲನೆಯದು ತರಗತಿಯ ಬೋಧನೆ, ಎರಡನೆಯದು ಶಾಲೆಯ ನಾಯಕತ್ವ. ಆ ಎರಡನೆಯದೂ ಕೆಲಸ ಮಾಡುವುದು ಮೊದಲನೆಯದರ ಮೂಲಕವೇ. ನ್ಯೂಜಿಲೆಂಡಿನ ವಿವಿಯೆನ್ ರಾಬಿನ್ಸನ್ ತಂಡ 2008ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಚ್‌ಎಂ ಮಾಡುವ ಕೆಲಸಗಳನ್ನು ಐದು ಬಗೆಯಾಗಿ ವಿಂಗಡಿಸಿ, ಯಾವುದರಿಂದ ಕಲಿಕೆ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಿತು. ಎಲ್ಲಕ್ಕಿಂತ ಮೇಲೆ ಬಂದದ್ದು ಶಿಕ್ಷಕರು ಕಲಿಯುವಂತೆ ಮಾಡುವುದು ಮತ್ತು ಆ ಕಲಿಕೆಯಲ್ಲಿ ತಾನೂ ಕೂರುವುದು. ಪರಿಣಾಮದ ಅಳತೆ (ಅಂಕಿ ದೊಡ್ಡದಾದಷ್ಟೂ ಪ್ರಭಾವ ಜಾಸ್ತಿ) 0.84. ಶಿಸ್ತು, ಸುವ್ಯವಸ್ಥೆಯೂ ಆ ಐದರಲ್ಲಿ ಒಂದು. ಆದರೆ ಅದು ಕಟ್ಟಕಡೆಗೆ, 0.27. ನಿಮ್ಮ ಎಚ್‌ಎಂ ಈ ಕೊನೆಯದನ್ನು ಹಿಡಿದುಕೊಂಡು ಕೂತಿದ್ದಾರೆ, ಅಷ್ಟೆ.

ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಗಲಾಟೆಯಲ್ಲಿ ಯಾರೂ ಕಲಿಯುವುದಿಲ್ಲ. ಆದರೆ ಆ ಗೇಟಿನ ವಿಷಯ ನನಗೆ ಸಿಟ್ಟು ತರಿಸುತ್ತದೆ. ಜುಲೈ ಮಳೆಯಲ್ಲಿ ಶಿರ್ವ ಕಡೆಯ ಬಸ್ಸು ಹತ್ತು ನಿಮಿಷ ತಡವಾದರೆ ಮಗು ಏನು ಮಾಡಬೇಕು? ಹೊರಗೆ ಕೊಡೆ ಹಿಡಿದು ನಿಂತ ಮಗುವಿಗೆ ಮೊದಲ ಪೀರಿಯಡ್ ಹೋಯಿತು. ಹೇಗೂ ರೆಡ್ ಅಲರ್ಟ್ ರಜೆಗಳೇ ಆ ತಿಂಗಳ ಪಾಠವನ್ನು ಸಾಕಷ್ಟು ತಿಂದಿರುತ್ತವೆ. ಕಳೆದುಹೋದ ಪೀರಿಯಡ್‌ಗಳನ್ನು ಯಾವ ಶನಿವಾರ, ಯಾವ ವಿಷಯಕ್ಕೆ ಕೊಟ್ಟು ತುಂಬಿಸುತ್ತೀರಿ ಅಂತ ಎಚ್‌ಎಂ ಹತ್ತಿರ ಕೇಳಿ. ಕಾಗದದಲ್ಲಿ ಬರೆದ ಉತ್ತರ ಸಿಕ್ಕಿದರೆ ಒಳ್ಳೆ ಲಕ್ಷಣ.

ಇನ್ನು ರೌಂಡ್ಸ್. ಇದನ್ನು ಓದಿ ಕೆಲವು ಎಚ್‌ಎಂಗಳಿಗೆ ಬೇಜಾರಾಗಬಹುದು, ಆಗಲಿ. ಅಮೆರಿಕದ ಮಯಾಮಿ ಕಡೆಯ ಸುಮಾರು ನೂರು ಪ್ರಿನ್ಸಿಪಾಲರ ಹಿಂದೆ ಸಂಶೋಧಕರು ದಿನವಿಡೀ ಓಡಾಡಿ, ಯಾರು ಯಾವುದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಬರೆದುಕೊಂಡರು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಶಿಕ್ಷಕರ ಜೊತೆ ಕೂತು ಪಾಠ ತಿದ್ದಲು ಸಮಯ ಕೊಟ್ಟ ಕಡೆ ಮಕ್ಕಳ ಕಲಿಕೆ ಏರಿತ್ತು. ಸುಮ್ನೆ ತರಗತಿಗೆ ಇಣುಕಿ ಹೋಗುವುದೇ ಜಾಸ್ತಿ ಇದ್ದ ಕಡೆ ಕಲಿಕೆಯ ಏರಿಕೆ ಕಡಿಮೆ ಇತ್ತು, ಅದರಲ್ಲೂ ಹೈಸ್ಕೂಲುಗಳಲ್ಲಿ. ಇಣುಕಿದ ಮೇಲೆ ಶಿಕ್ಷಕರಿಗೆ ಒಂದು ಮಾತೂ ಹೇಳದಿದ್ದರೆ ಅದು ಕಾವಲು, ನಾಯಕತ್ವ ಅಲ್ಲ.

ಹಾಗಾದರೆ ಕೆಲಸ ಮಾಡುವ ಎಚ್‌ಎಂ ಹೇಗಿರುತ್ತಾರೆ? ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ಕುಂದಾಪುರ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಎಚ್‌ಎಂ ಸಮಾಜ ವಿಜ್ಞಾನದವರು, ಗಣಿತದ ಗಂಧ ಅಷ್ಟಕ್ಕಷ್ಟೇ. ಎಂಟನೇ ತರಗತಿಯ ಕಿರು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. ಲೆಕ್ಕ ಸುಲಭದ್ದು: ಒಂದು ಸಂಖ್ಯೆಯ ಮೂರರಷ್ಟರಿಂದ 7 ಕಳೆದರೆ 11, ಆ ಸಂಖ್ಯೆ ಯಾವುದು? ಉತ್ತರ 6. ಆದರೆ ಸುಮಾರು ಅರ್ಧ ಕ್ಲಾಸು 7ನ್ನು ಆಚೆ ಬದಿಗೆ ಒಯ್ದು, ಕೂಡಿಸುವ ಬದಲು ಕಳೆದು, ಮೂರರಷ್ಟು ಅಂದರೆ 4 ಅಂತ ಬರೆದಿತ್ತು. ಅಲ್ಲಿಂದ ಮುಂದೆ ಹೋಗಲಾರದೆ ಕೆಲವರು ಬಿಟ್ಟಿದ್ದರು.

ಮೇಷ್ಟ್ರನ್ನು ಕರೆದರು. "ಮಕ್ಕಳಿಗೆ ಗಮನ ಇಲ್ಲ ಮೇಡಂ" ಅಂದರು ಅವರು. "ಒಬ್ಬಿಬ್ಬರಾದರೆ ಸರಿ. ಅರ್ಧ ಕ್ಲಾಸಿಗೆ ಒಂದೇ ಜಾಗದಲ್ಲಿ ಗಮನ ತಪ್ಪುವುದು ಹೇಗೆ ಸರ್?" ಅಂತ ಈಕೆ ಕೇಳಿದರು. ಬೈಗುಳ ಇಲ್ಲ, ಮೆಮೊ ಇಲ್ಲ. ಹತ್ತು ನಿಮಿಷ ಮಾತಾಡಿದ ಮೇಲೆ ಹೊರಬಿತ್ತು: ಮೇಷ್ಟ್ರು 'ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ' ಅಂತ ಬಾಯಿಪಾಠ ಮಾಡಿಸಿದ್ದರು. ಎರಡೂ ಬದಿಗೆ 7 ಕೂಡಿಸುತ್ತೇವೆ, ಅದಕ್ಕೇ ಹಾಗಾಗುತ್ತದೆ ಅಂತ ಬೋರ್ಡಿನಲ್ಲಿ ತೋರಿಸಿಯೇ ಇರಲಿಲ್ಲ. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಇದನ್ನೇ ಚಂದ ಮಾಡುವ ಗಣಿತ ಟೀಚರ್ ಒಬ್ಬರಿದ್ದರು. ಎಚ್‌ಎಂ ಇವರನ್ನು ಅಲ್ಲಿಗೆ ಎರಡು ಪೀರಿಯಡ್ ಕೂತು ಬರಲು ಕಳಿಸಿದರು. ಆ ಎರಡು ಪೀರಿಯಡ್ ಇವರ ತರಗತಿಗೆ ತಾವೇ ಹೋಗಿ ಇತಿಹಾಸ ಪಾಠ ಮಾಡಿದರು. ರಾಬಿನ್ಸನ್ ಹೇಳುವ ಮೊದಲನೇ ಕೆಲಸ ಅಂದರೆ ಇದೇ. ಇದಕ್ಕೆ ಬಜೆಟ್ ಬೇಡ, ಸುತ್ತೋಲೆ ಬೇಡ. ಮೇಷ್ಟ್ರ ಮರ್ಯಾದೆಯನ್ನೂ ಕಳೆಯಲಿಲ್ಲ ಅನ್ನುವುದನ್ನು ಗಮನಿಸಿ.

ಎಲ್ಲ ಎಚ್‌ಎಂಗಳಿಗೂ ಇದಕ್ಕೆ ಪುರುಸೊತ್ತು ಇದೆಯಾ? ಇಲ್ಲ. ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಸ್ಕಾಲರ್‌ಶಿಪ್ ಅರ್ಜಿ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯ ಎಸ್‌ಎಟಿಎಸ್ ಎಂಟ್ರಿ, ಬಿಇಒ ಕಚೇರಿ ಮೀಟಿಂಗ್. ಮೇಲಿನವರಿಗೆ ಕಾಗದ ಸರಿ ಇದ್ದರೆ ಶಾಲೆ ಸರಿ ಇದೆ ಅಂತ ಲೆಕ್ಕ. ಮಧ್ಯಪ್ರದೇಶದಲ್ಲಿ ಇದು ಹೇಗಾಯಿತು ಅಂತ ನೋಡಿ. ಪ್ರತಿ ಶಾಲೆಯನ್ನೂ ಮೌಲ್ಯಮಾಪನ ಮಾಡಿ, ಸುಧಾರಣಾ ಯೋಜನೆ ಬರೆಸಿ, ಅಧಿಕಾರಿಗಳಿಂದ ಫಾಲೋಅಪ್ ಮಾಡಿಸುವ ದೊಡ್ಡ ಕಾರ್ಯಕ್ರಮ ಮಾಡಿದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದನ್ನು ಅಳೆದು ನೋಡಿದರು. ಯೋಜನೆಗಳನ್ನೇನೋ ಬರೆದಿದ್ದರು, ಫೈಲೂ ದಪ್ಪ ಆಗಿತ್ತು. ಪಾಠವೂ ಬದಲಾಗಿರಲಿಲ್ಲ, ಕಲಿಕೆಯೂ ಬದಲಾಗಿರಲಿಲ್ಲ. ಆದರೂ ಅದೇ ಮಾದರಿ ದೇಶಕ್ಕೆಲ್ಲ ಹರಡಿತು. ಯಾಕೆಂದರೆ ಕಾಗದದಲ್ಲಿ ಅದು ಪಾಸಾಗಿತ್ತು.

ಎಷ್ಟು ವರ್ಷ ಕಾಯಬೇಕು ಅಂದಿರಿ. ಹೊಸ ಎಚ್‌ಎಂ ಕಾಲದಲ್ಲಿ ಎಂಟನೇ ತರಗತಿಗೆ ಸೇರಿದ ಬ್ಯಾಚ್ ಹತ್ತನ್ನು ಬರೆಯುವ ತನಕ ನಾನು ಅವರನ್ನು ಅಳೆಯುವುದಿಲ್ಲ. ಅಂದರೆ ಮೂರು ವರ್ಷ. ನಿಮ್ಮ ಮಗಳಿಗೆ ಅಷ್ಟು ಸಮಯ ಇಲ್ಲ. ಹಾಗಾಗಿ ಈಗಲೇ ಮಾಡಬೇಕಾದ್ದು ಇಷ್ಟು: ಕಿರು ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ತರಿಸಿ. ತಪ್ಪಾದ ಕಡೆ ಕೆಂಪು ಗೀಟು ಮಾತ್ರ ಇದೆಯಾ, ಅಥವಾ ಯಾಕೆ ತಪ್ಪು ಅಂತ ಏನಾದರೂ ಬರೆದಿದ್ದಾರಾ ನೋಡಿ. ಪೋಷಕರ ಸಭೆಯಲ್ಲಿ ಅದನ್ನೇ ಕೇಳಿ, ಸಮವಸ್ತ್ರದ ಬಣ್ಣ ಚರ್ಚಿಸಬೇಡಿ. ಶಾಲೆ ಬದಲಿಸುವ ಯೋಚನೆ ಇದ್ದರೆ ಬಿಡಿ. ಹತ್ತನೇ ತರಗತಿಗೆ ಸರಿಯಾಗಿ ಶಾಲೆ ಬದಲಿಸುವವರನ್ನು ಕಂಡರೆ ನನಗೆ ಹೆದರಿಕೆ. ಅದು ನನ್ನ ಪುಕ್ಕಲುತನ ಅಂತ ಬೇಕಾದರೂ ಅಂದುಕೊಳ್ಳಿ.

ಪ್ರಶ್ನೆ: ಸುರತ್ಕಲ್ ಹತ್ತಿರದ ಒಂದು ಶಾಲೆಯವರು ಶೇಕಡಾ 100 ಫಲಿತಾಂಶ ಅಂತ ಬ್ಯಾನರ್ ಹಾಕಿದ್ದಾರೆ. ನಾಯಕತ್ವ ಚೆನ್ನಾಗಿದೆ ಅಂತ ಅಲ್ವಾ?

ಉತ್ತರ: ಆ ಬ್ಯಾಚಿನ ಎಷ್ಟು ಮಕ್ಕಳು ಎಂಟನೇ ತರಗತಿಯಲ್ಲಿ ಇದ್ದರು, ಎಷ್ಟು ಮಂದಿ ಹತ್ತನ್ನು ಬರೆದರು ಅಂತ ಕೇಳಿ ಮಾರಾಯ್ರೆ. ಒಂಬತ್ತರಲ್ಲೇ ಫೇಲ್ ಮಾಡಿ, ಟಿಸಿ ಕೊಟ್ಟು, ಖಾಸಗಿಯಾಗಿ ಕಟ್ಟಿ ಅಂತ ಹೇಳಿ ಕಳಿಸಿದ ಮಕ್ಕಳ ಹೆಸರು ಬ್ಯಾನರಿನಲ್ಲಿ ಇರುವುದಿಲ್ಲ. ಇದನ್ನು ಮಾಡುವವರನ್ನು ನಾಯಕರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಜಿಲ್ಲೆಯ ರ‍್ಯಾಂಕೂ ಅಷ್ಟೇ. 2023ರಲ್ಲಿ ಉಡುಪಿ 18ನೇ ಸ್ಥಾನ, ದಕ್ಷಿಣ ಕನ್ನಡ 19. ಎಲ್ಲರೂ ನಮ್ಮ ಶಾಲೆಗಳಿಗೆ ಏನಾಯಿತು ಅಂತ ತಲೆ ಮೇಲೆ ಕೈ ಹೊತ್ತರು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಕೃಪಾಂಕ ಕೊಟ್ಟ ಮೇಲೂ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ಹನ್ನೆರಡೇ ತಿಂಗಳಲ್ಲಿ ಎರಡು ಜಿಲ್ಲೆಯ ಎಚ್‌ಎಂಗಳೆಲ್ಲ ಮಹಾ ನಾಯಕರಾಗಿಬಿಟ್ಟರಾ? ಅಳೆಯುವ ಕೋಲು ನೇರ ಆಯಿತು, ಅಷ್ಟೆ.

ಪ್ರಶ್ನೆ: ಶಾಲೆಯಲ್ಲಿ ಮಿಡ್‌ಬ್ರೈನ್ ಆಕ್ಟಿವೇಶನ್ ಕೋರ್ಸ್ ಮಾಡಿಸುತ್ತಿದ್ದಾರೆ. ಎಚ್‌ಎಂ ಅವರೇ ಶಿಫಾರಸು ಮಾಡಿದ್ದಾರೆ. ಸೇರಿಸಬಹುದೇ?

ಉತ್ತರ: ಬೇಡ. ಮಿದುಳನ್ನು ಎಚ್ಚರಿಸಿ, ಕಣ್ಣಿಗೆ ಬಟ್ಟೆ ಕಟ್ಟಿದರೂ ಮಗು ಓದುವಂತೆ ಮಾಡುತ್ತೇವೆ ಅನ್ನುವ ಕೋರ್ಸ್ ಇದು. ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗಿನ ಸಂದಿಯಿಂದ, ಮೂಗಿನ ಪಕ್ಕದಲ್ಲಿ ಮಗು ಇಣುಕಿ ಓದುತ್ತದೆ. ಅದು ಕೈಚಳಕ, ವಿಜ್ಞಾನ ಅಲ್ಲ. ದುಡ್ಡು ತೆಗೆದುಕೊಂಡು ಮಗುವಿಗೆ ಸುಳ್ಳು ಹೇಳಲು ಕಲಿಸುವ ಇವರನ್ನು ಗೇಟಿನೊಳಗೆ ಬಿಟ್ಟ ಎಚ್‌ಎಂ ಹತ್ತಿರ ಲಿಖಿತ ವಿವರಣೆ ಕೇಳಿ.

ಪ್ರಶ್ನೆ: ಪರೀಕ್ಷೆಗೆ ಮೊದಲು ಒಳ್ಳೆ ಪ್ರೇರಣಾ ಭಾಷಣಕಾರರನ್ನು ಕರೆಸಿದರೆ ಫಲಿತಾಂಶ ಏರುತ್ತದೆಯೇ? (ಹಳೆ ವಿದ್ಯಾರ್ಥಿ ಸಂಘ, ಕಾರ್ಕಳ)

ಉತ್ತರ: ಚಪ್ಪಾಳೆ ಏರುತ್ತದೆ. ಆ ದುಡ್ಡಿನಲ್ಲಿ ಹಳೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ಸಂಜೆ ಸ್ಪೆಷಲ್ ಕ್ಲಾಸಿಗೆ ನಿಲ್ಲುವ ಮಕ್ಕಳಿಗೆ ಅವಲಕ್ಕಿ ಕೊಡಿ.

ಪ್ರಶ್ನೆ: ಎಚ್‌ಎಂ ಕೊಠಡಿ ಯಾವ ದಿಕ್ಕಿಗೆ ಇರಬೇಕು?

ಉತ್ತರ: ಬಾಗಿಲು ಸ್ಟಾಫ್‌ರೂಮಿಗೆ ಕಾಣುವ ದಿಕ್ಕಿಗೆ.

ಪ್ರಶ್ನೆ: ಮಕ್ಕಳು ಯಕ್ಷಗಾನ ತರಗತಿಗೆ ಹೋದರೆ ಓದು ಹಾಳಲ್ವಾ? ಎಚ್‌ಎಂ ತಡೆಯಬೇಕಲ್ವಾ?

ಉತ್ತರ: ತಡೆಯಬಾರದು. ಅಷ್ಟುದ್ದದ ಅರ್ಥಗಾರಿಕೆ ನೆನಪಿಟ್ಟು ಸಭೆ ಎದುರು ಹೇಳುವ ಮಗುವಿಗೆ ಭಾಷಾ ಪತ್ರಿಕೆಯ ಭಯ ಇರುವುದಿಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಎಚ್‌ಎಂ ಹುದ್ದೆ ಖಾಲಿ. ವಿಜ್ಞಾನ ಟೀಚರ್ ಪ್ರಭಾರ ನೋಡಿಕೊಳ್ಳುತ್ತಿದ್ದಾರೆ. ನಾವು ಏನು ಮಾಡಬಹುದು? (ಎಸ್‌ಡಿಎಂಸಿ ಸದಸ್ಯರು, ಬೈಂದೂರು)

ಉತ್ತರ: ಕೊನೆಗೂ ಒಂದು ಒಳ್ಳೆ ಪ್ರಶ್ನೆ. ಇಲ್ಲಿ ಹೊಡೆತ ಎರಡು ಕಡೆ: ಶಾಲೆಗೆ ಪೂರ್ತಿ ಎಚ್‌ಎಂ ಇಲ್ಲ, ಮಕ್ಕಳಿಗೆ ಪೂರ್ತಿ ವಿಜ್ಞಾನ ಟೀಚರೂ ಇಲ್ಲ. ಹುದ್ದೆ ತುಂಬಲು ಎಸ್‌ಡಿಎಂಸಿ ಠರಾವು ಮಾಡಿ ಬಿಇಒ ಮತ್ತು ಡಿಡಿಪಿಐಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಜೂನಿನಲ್ಲಿ ಮಾಡಿ. ಫೆಬ್ರವರಿಯಲ್ಲಿ ನೆನಪಾದರೆ ಪ್ರಯೋಜನ ಇಲ್ಲ. ಉತ್ತರ ಬರುವ ತನಕ ಬಿಸಿಯೂಟದ ಲೆಕ್ಕ, ಬ್ಯಾಂಕಿನ ಓಡಾಟ, ದಾಖಲೆ ಎಂಟ್ರಿಯಲ್ಲಿ ಯಾವುದನ್ನು ಬೇರೆ ಶಿಕ್ಷಕರಿಗೆ ಹಂಚಬಹುದು ಅಂತ ಅವರ ಜೊತೆ ಕೂತು ಬರೆಯಿರಿ. ಆ ಟೀಚರಿನ ಹತ್ತನೇ ತರಗತಿ ಪೀರಿಯಡ್ಡಿನ ಹೊತ್ತಿಗೆ ಕಚೇರಿಯಿಂದ ಯಾರೂ ಅವರನ್ನು ಕರೆಯಬಾರದು, ನೀವೂ ಸೇರಿ.