ಎರಡು ಸಾಲಿನ ಜಾಗ

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಫೋಟೊ ಕೆಳಗೆ 'ಇದರ ನಡುವೆ ಅನಂತ ಸಾಂದ್ರತೆಯ ಬಿಂದುವಿದೆ, ಅದೇ ಸಿಂಗ್ಯುಲಾರಿಟಿ' ಎಂದು ಹಾಕಿದ್ದೀರಿ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಸೊನ್ನೆಯಿಂದ ಭಾಗಿಸಿ ಅನಂತ ಎಂದು ಬರೆದ ಹುಡುಗರಿಗೆ ಮಾರ್ಕ್ಸ್ ಕಳೆದಿದ್ದೇನೆ. ನೀವು ಬರೆದರೆ ಸರಿಯೇ? ಆ ಬಿಂದುವನ್ನು ಕಂಡವರು ಯಾರು?"
— ಒಬ್ಬ ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ನಮಸ್ಕಾರ. ಮಾರ್ಕ್ಸ್ ಕಳೆಯಿರಿ. ಆ ವಾಕ್ಯ ಬರೆದದ್ದು ನಾನೇ. ಪುಟ ಅಚ್ಚಿಗೆ ಹೋಗುವ ರಾತ್ರಿ ಚಿತ್ರದ ಕೆಳಗೆ ಎರಡು ಸಾಲು ಜಾಗ ಉಳಿದಿತ್ತು. ಸುಮ್ನೆ ತುಂಬಿಸಿಬಿಟ್ಟೆ.

ಕಂಡವರು ಯಾರೂ ಇಲ್ಲ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಆ ಫೋಟೊದಲ್ಲಿ ಕಾಣುವ ಉಂಗುರ ಕುಳಿಯ ಸುತ್ತಲಿನ ಕಾದ ಅನಿಲದ ಬೆಳಕು. ನಡುವಿನದು ನೆರಳು. ಬೆಳಕೂ ವಾಪಸ್ ಬರಲಾಗದ ಗಡಿಗೆ ಘಟನಾ ದಿಗಂತ ಅನ್ನುತ್ತಾರಲ್ಲ, ಈ ನೆರಳು ಅದಕ್ಕಿಂತಲೂ ದೊಡ್ಡದು. ಅಂದರೆ ನಮ್ಮ ಕ್ಯಾಮೆರಾ ಬಾಗಿಲವರೆಗೂ ಹೋಗಿಲ್ಲ, ಅಂಗಳದಲ್ಲೇ ನಿಂತಿದೆ.

ಸೊನ್ನೆಯ ಮಾತಿಗೆ ಬರೋಣ. ಐನ್‌ಸ್ಟೈನರ ಗುರುತ್ವ ಸಿದ್ಧಾಂತದಿಂದ ಹುಟ್ಟಿ 1916ರಲ್ಲಿ ಪ್ರಕಟವಾದ, ತಿರುಗದ ಕಪ್ಪುಕುಳಿಯನ್ನು ವಿವರಿಸುವ ಶ್ವಾರ್ಜ್‌ಶೀಲ್ಡ್ ಸೂತ್ರದಲ್ಲಿ ಲೆಕ್ಕ ಕೆಡುವ ಜಾಗ ಎರಡು. ಒಂದು, ದಿಗಂತದಲ್ಲಿ. ಸೂರ್ಯನಷ್ಟು ತೂಕದ ಕುಳಿಗೆ ಅದು ನಡುವಿನಿಂದ ಸುಮಾರು 3 ಕಿಲೋಮೀಟರ್ ದೂರ. ಇನ್ನೊಂದು, ನಟ್ಟನಡುವೆ. ಮೊದಲನೆಯದು ಬರೀ ಅಳತೆಯ ಎಡವಟ್ಟು. ಉತ್ತರ ಧ್ರುವದಲ್ಲಿ ನಿಂತವನನ್ನು 'ನಿನ್ನ ರೇಖಾಂಶ ಎಷ್ಟಪ್ಪಾ' ಎಂದು ಕೇಳಿದರೆ ಅವನು ಏನು ಹೇಳಬೇಕು? ಎಲ್ಲ ರೇಖೆಗಳೂ ಅಲ್ಲೇ ಸೇರುತ್ತವೆ. ತಪ್ಪು ಭೂಮಿಯದಲ್ಲ, ನಾವು ಎಳೆದ ಗೆರೆಗಳದು. ದಿಗಂತದ ವಿಷಯದಲ್ಲೂ ಹಾಗೇ ಎಂಬುದನ್ನು 1958ರಲ್ಲಿ ಭೌತವಿಜ್ಞಾನಿ ಫಿಂಕೆಲ್‌ಸ್ಟೈನ್ ಸ್ಪಷ್ಟಪಡಿಸಿದರು. ಗ್ರಾಫ್ ಹಾಳೆ ಬದಲಾಯಿಸಿದರೆ ಅದು ಮಾಯ. ನಡುವಿನದು ಮಾತ್ರ ಯಾವ ಹಾಳೆ ತಂದರೂ ಹೋಗುವುದಿಲ್ಲ.

ಹಾಗಾದರೆ ಅದು ನಿಜವಾ? ಕುಸಿದು ಕಪ್ಪುಕುಳಿಯಾಗುವ ನಕ್ಷತ್ರ ಚೆಂಡಿನ ಹಾಗೆ ಗುಂಡಗಿದೆ ಅಂದುಕೊಂಡು ಲೆಕ್ಕ ಮಾಡಿದ್ದಕ್ಕೆ ಹೀಗಾಯಿತು, ಸ್ವಲ್ಪ ಅಂಕುಡೊಂಕು ಇದ್ದರೆ ಎಲ್ಲ ಒಂದೇ ಕಡೆ ಬಂದು ಬೀಳುವುದಿಲ್ಲ ಎಂದು ಹಲವರು ನಂಬಿದ್ದರು. 1965ರಲ್ಲಿ ಬ್ರಿಟಿಷ್ ಗಣಿತಜ್ಞ ಪೆನ್‌ರೋಸ್ ಆ ಆಸೆಗೆ ತಣ್ಣೀರೆರಚಿದರು. ಆಕಾರ ಹೇಗಾದರೂ ಇರಲಿ, ಕುಸಿತ ಒಂದು ಹಂತ ದಾಟಿದರೆ ಸಿಂಗ್ಯುಲಾರಿಟಿ ತಪ್ಪದು ಎಂದು ಸಾಧಿಸಿದರು. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲೇ ಕೊಟ್ಟಿದ್ದ ಸಮೀಕರಣ. 2020ರಲ್ಲಿ ಪೆನ್‌ರೋಸ್‌ಗೆ ನೊಬೆಲ್ ಬಂತು. ಅಷ್ಟರಲ್ಲಿ ರಾಯ್‌ಚೌಧುರಿ ನಮ್ಮ ನಡುವೆ ಇರಲಿಲ್ಲ.

ಆದರೆ ಪೆನ್‌ರೋಸ್ 'ಸಾಂದ್ರತೆ ಅನಂತ' ಎಂದು ಸಾಧಿಸಲಿಲ್ಲ. ಒಳಗೆ ಹೋದ ಬೆಳಕಿನ ದಾರಿ ಒಂದು ಕಡೆ ಮುಗಿದುಹೋಗುತ್ತದೆ, ಮುಂದಕ್ಕೆ ಎಳೆಯಲು ಬರುವುದಿಲ್ಲ ಎಂದರು, ಅಷ್ಟೇ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಹುಡುಗ 'ಉಳಿದದ್ದು ಅಡಿಷನಲ್ ಶೀಟ್‌ನಲ್ಲಿದೆ' ಎಂದು ಬರೆದಿದ್ದಾನೆ, ಶೀಟ್ ಕಟ್ಟಿಲ್ಲ. ಆ ಶೀಟ್ ಕ್ವಾಂಟಂ ಸಿದ್ಧಾಂತದ ಬಳಿ ಇರಬೇಕು ಎಂಬುದು ಬಹುಪಾಲು ಭೌತವಿಜ್ಞಾನಿಗಳ ಅನಿಸಿಕೆ. ನನ್ನದೂ ಅದೇ. ದಾರಿ ಮುಗಿದ ಮಾತ್ರಕ್ಕೆ ಅಲ್ಲಿ ಸಿಂಗ್ಯುಲಾರಿಟಿ ಇದೆ ಎನ್ನುವುದೇ ತಪ್ಪು ಎಂದು ರಾಯ್ ಕೆರ್ 2023ರಲ್ಲಿ ಬರೆದರು. ತಿರುಗುವ ಕಪ್ಪುಕುಳಿಯ ಲೆಕ್ಕವನ್ನು 1963ರಲ್ಲಿ ಬಿಡಿಸಿದವರು ಅವರು. ಆಗ ಅವರ ವಯಸ್ಸು 89, ಜಗಳ ಇನ್ನೂ ಬಿಟ್ಟಿರಲಿಲ್ಲ!

ನನ್ನ ವಾಕ್ಯದಲ್ಲಿ ಇನ್ನೊಂದು ತಪ್ಪಿತ್ತು, ನೀವು ಬಿಟ್ಟಿದ್ದೀರಿ. 'ನಡುವೆ' ಅನ್ನುವ ಪದ. ತಿರುಗದ ಕುಳಿಯಲ್ಲಿ ದಿಗಂತ ದಾಟಿದ ಮೇಲೆ ಸಿಂಗ್ಯುಲಾರಿಟಿ ಒಂದು ಜಾಗವಲ್ಲ, ಒಂದು ಗಳಿಗೆ. ಎಂ87ರದು ಸುಮಾರು 650 ಕೋಟಿ ಸೂರ್ಯರ ತೂಕ. ಅದು ತಿರುಗುತ್ತಿಲ್ಲ ಎಂದುಕೊಂಡರೆ, ಅದರೊಳಗೆ ಬಿದ್ದವನ ಗಡಿಯಾರದಲ್ಲಿ ಆ ಗಳಿಗೆಗೆ ಹೆಚ್ಚೆಂದರೆ 28 ಗಂಟೆ ಇರುತ್ತದೆ. ನಮ್ಮ ಆಕಾಶಗಂಗೆಯ ನಡುವಿನ ಕುಳಿಯಲ್ಲಾದರೆ ಸುಮಾರು ಒಂದು ನಿಮಿಷ. ಅಷ್ಟು ಹೊತ್ತೂ ಕಣ್ಣು ಬಿಟ್ಟುಕೊಂಡೇ ಇದ್ದರೂ ಸಿಂಗ್ಯುಲಾರಿಟಿ ಅವನಿಗೆ ಕಾಣುವುದಿಲ್ಲ. ನಾಳೆಯನ್ನು ಇವತ್ತು ನೋಡೋಕಾಗುತ್ತಾ? (ತಿರುಗುವ ಕುಳಿಯ ಒಳಗಿನ ಕಥೆ ಬೇರೆ. ಅದಕ್ಕೆ ಇನ್ನೊಂದು ಕಾಗದ ಬರೆಯಿರಿ.)

ಕಾಣದಿದ್ದರೆ, ಕೇಳಿಸಿಕೊಳ್ಳಬಹುದಾ? ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ನಮ್ಮ ಸಿ. ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯನ್ನು ಅಲುಗಿಸಿದರೆ ಗಂಟೆ ಬಡಿದ ಹಾಗೆ ಅನುರಣಿಸಿ ಬೇಗ ಅಡಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಗುರುತ್ವ ಅಲೆಯ ಬಾಲದಲ್ಲಿ ಅಂಥದೇ ಅನುರಣನ ಇತ್ತು. ಆದರೆ ಆ ನಾದವೂ ದಿಗಂತದ ಹೊರಗಿನದೇ. ಒಳಗಿನ ಸುದ್ದಿ ಅದರಲ್ಲಿಲ್ಲ.

ಉಳಿದದ್ದು ಒಂದೇ ಕಂಡಿ. ದಿಗಂತದ ಮುಸುಕೇ ಇಲ್ಲದ 'ಬೆತ್ತಲೆ' ಸಿಂಗ್ಯುಲಾರಿಟಿ ಇದ್ದರೆ ದೂರದಿಂದಲೂ ನೋಡಬಹುದು. ನಿಸರ್ಗ ಅದಕ್ಕೆ ಬಿಡುವುದಿಲ್ಲ ಎಂದು 1969ರಲ್ಲಿ ಪೆನ್‌ರೋಸ್ ಊಹಿಸಿದರು. ಆ ಊಹೆ ಇನ್ನೂ ಸಾಬೀತಾಗಿಲ್ಲ. ಕೆಲವು ಬಗೆಯ ಕುಸಿತಗಳಲ್ಲಿ ಮುಸುಕು ಬೀಳುವುದಿಲ್ಲ ಎಂದು ಭಾರತದ ಭೌತವಿಜ್ಞಾನಿ ಪಂಕಜ್ ಜೋಶಿ ಮತ್ತು ಸಂಗಡಿಗರು ಲೆಕ್ಕ ತೋರಿಸಿದ್ದಾರೆ. 1991ರಲ್ಲಿ ಹಾಕಿಂಗ್, ಬೆತ್ತಲೆ ಸಿಂಗ್ಯುಲಾರಿಟಿ ಇರಲಾರದು ಎಂದು ಭೌತವಿಜ್ಞಾನಿಗಳಾದ ಪ್ರೆಸ್ಕಿಲ್ ಮತ್ತು ಥಾರ್ನ್ ಜೊತೆ ಪಂದ್ಯ ಕಟ್ಟಿದ್ದರು. ಸೋತವರು ಗೆದ್ದವರಿಗೆ ಮೈ ಮುಚ್ಚಲು ಬಟ್ಟೆ ಕೊಡಬೇಕು! 1997ರಲ್ಲಿ ಹಾಕಿಂಗ್ ಗೊಣಗುತ್ತಲೇ ಲೆಕ್ಕದ ಮಟ್ಟಿಗೆ ಸೋಲು ಒಪ್ಪಿ ಟೀ ಶರ್ಟ್ ಕೊಟ್ಟರು. ಆಕಾಶದಲ್ಲಿ ಮಾತ್ರ ಅಂಥದ್ದು ಇದುವರೆಗೆ ಸಿಕ್ಕಿಲ್ಲ.

ಮುಂದಿನ ಸಂಚಿಕೆಯಲ್ಲಿ ಅದೇ ಫೋಟೊ ಕೆಳಗೆ ತಿದ್ದುಪಡಿ ಬರುತ್ತದೆ: 'ದಿಗಂತದ ಒಳಗೆ ಕೊನೆಗೆ ಏನಾಗುತ್ತದೆ ಎಂಬಲ್ಲಿ ಐನ್‌ಸ್ಟೈನರ ಲೆಕ್ಕ ನಿಲ್ಲುತ್ತದೆ.' ಎರಡು ಸಾಲಿನ ಜಾಗಕ್ಕೆ ಒಂದೂವರೆ ಸಾಲಾಯಿತು. ಉಳಿದರ್ಧ ಖಾಲಿ ಬಿಡುತ್ತೇನೆ.

— ಸಂ.