ಇಳಿಜಾರಿನಲ್ಲಿರುವ ಹಳೆಯ ಪುಟಾಣಿ ರೈಲನ್ನು ಕೀಳಿಸಬೇಡಿ

ಸೋಮವಾರಪೇಟೆ ಕಡೆಯ ನಿಮ್ಮ ಕುಟುಂಬದ ಉದ್ಯಾನದಲ್ಲಿ ಇಪ್ಪತ್ತು ವರ್ಷ ದಾಟಿದ ಪುಟಾಣಿ ರೈಲಿದೆ, ಅದನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೋ ಅಥವಾ ನಿಮ್ಮ ಅಣ್ಣ ಹೇಳುವಂತೆ ಗುಜರಿಗೆ ಹಾಕಿ ಅಲ್ಲಿ ಜನರನ್ನು ಕೂರಿಸಿಕೊಂಡು ಲೋಲಕದಂತೆ ತೂಗುವ ದೊಡ್ಡ ಯಂತ್ರದ ಆಟವೊಂದನ್ನು ನಿಲ್ಲಿಸಬೇಕೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾವೂ ಚರ್ಚಿಸಿದ್ದೆವು. ಅಂದು ರೈಲನ್ನು ತೆಗೆಯಲೇಬೇಕೆಂದು ಹಟ ಹಿಡಿದವನು ನಾನೇ ಆಗಿದ್ದುದರಿಂದ ಈ ಉತ್ತರವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸುಂಟಿಕೊಪ್ಪ ಮತ್ತು ಮಡಿಕೇರಿಯ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ನಮ್ಮ ದೊಡ್ಡಪ್ಪ ಕಾಫಿ ತೋಟದ ಒಂದು ಮಗ್ಗುಲನ್ನು ಮಕ್ಕಳ ಉದ್ಯಾನವನ್ನಾಗಿ ಮಾಡಿದ್ದರು. ಹಳೆಯ ಜೀಪಿನ ಡೀಸೆಲ್ ಎಂಜಿನ್ ಕೂರಿಸಿದ ಗಾಡಿ, ಅದರ ಹಿಂದೆ ತಗಡಿನ ಮಾಡಿನ ಬೋಗಿಗಳು, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಸುತ್ತಿ ಬರುವ ಹಳಿ, ಇಷ್ಟೇ ಅಲ್ಲಿನ ಮುಖ್ಯ ಆಕರ್ಷಣೆ. ದೊಡ್ಡಪ್ಪ ಎಂಜಿನಿಯರ್ ಅಲ್ಲ, ಆದರೆ ತೋಟದಲ್ಲಿ ಬಸಿಗಾಲುವೆ ಎತ್ತ ಹೋಗಬೇಕೆಂಬುದನ್ನು ಚೆನ್ನಾಗಿ ಬಲ್ಲವರು. ಗುಡ್ಡದ ಏರಿಳಿತಕ್ಕೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಗುವಂತೆ ಅವರು ಹಳಿ ಹಾಕಿಸಿದ್ದರಿಂದ ಎಲ್ಲಿಯೂ ಮೊಣಕಾಲೆತ್ತರಕ್ಕಿಂತ ಹೆಚ್ಚು ಬರೆ, ಅಂದರೆ ಗುಡ್ಡದ ಮಗ್ಗುಲು, ಕಡಿಯಬೇಕಾಗಿ ಬಂದಿರಲಿಲ್ಲ. ಹಳಿಯ ಮೇಲ್ಬದಿಗೆ ಉದ್ದಕ್ಕೂ ಒಂದು ಕಾಲುವೆ ತೆಗೆಸಿ, ಮುಂಗಾರು ಹಿಡಿಯುವ ಮೊದಲು ಪ್ರತಿವರ್ಷ ತಪ್ಪದೆ ಅದರ ಹೂಳೆತ್ತಿಸುತ್ತಿದ್ದರು.

ದೊಡ್ಡಪ್ಪನ ನಂತರ ಉದ್ಯಾನ ನಮ್ಮ ಕೈಗೆ ಬಂದಾಗ ಎಂಜಿನ್ ಹೊಗೆ ಕಾರುತ್ತಿತ್ತು, ತಿರುವುಗಳಲ್ಲಿ ಬೋಗಿಗಳು ಕಿರುಚುತ್ತಿದ್ದವು, ಟಿಕೆಟ್ ಮಾರಾಟ ಇಳಿಮುಖವಾಗಿತ್ತು. ಪ್ರವಾಸಿಗರಿಗೆ ಮೈ ನಡುಗಿಸುವ ಆಟ ಬೇಕು ಎಂದು ನಾನು ವಾದಿಸಿದೆ. ಹೊರರಾಜ್ಯದ ಮಾರಾಟಗಾರರೊಬ್ಬರು ದರಪಟ್ಟಿ ಕೊಟ್ಟರು, ಬ್ಯಾಂಕು ಸಾಲ ಕೊಟ್ಟಿತು, ಹಳಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ತೂಗುವ ಆಟಕ್ಕೆ ಮಟ್ಟಸವಾದ ನೆಲ ಬೇಕು. ಜೆಸಿಬಿ ತರಿಸಿ, ಮೇಲಿನ ಬರೆಯನ್ನು ನೆಟ್ಟಗೆ ಕಡಿದು, ಕಡಿದ ಮಣ್ಣನ್ನೇ ಕೆಳಗಿನ ಇಳಿಜಾರಿಗೆ ತುಂಬಿಸಿ ಅಂಗಳ ಮಾಡಿಸಿದೆವು. ನಮ್ಮನ್ನು ಮುಳುಗಿಸಿದ್ದು ಈ ಒಂದೇ ಕೆಲಸ. ನೀವೂ ಇದನ್ನೇ ಮಾಡಲು ಹೊರಟಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಕೊಡಗಿನಲ್ಲಿ ಮನೆ ಕಟ್ಟುವವರು ಅನೇಕರು ಹೀಗೆಯೇ ಜಾಗ ಮಾಡಿಕೊಳ್ಳುತ್ತಾರೆ ನಿಜ, ಆದರೆ ಮನೆಯ ಭಾರ ಇದ್ದಲ್ಲೇ ಇರುತ್ತದೆ. ತೂಗುವ ಆಟದ ತೋಳು ಒಂದು ಕಡೆಗೆ ಬೀಸಿದಾಗ ಆ ಕಡೆಯ ಕಾಲುಗಳು ನೆಲವನ್ನು ಒತ್ತುತ್ತವೆ, ಎದುರಿನ ಕಾಲುಗಳು ತಮ್ಮ ಬೋಲ್ಟುಗಳನ್ನು ಮೇಲಕ್ಕೆ ಜಗ್ಗುತ್ತವೆ, ಮರುಕ್ಷಣದಲ್ಲಿ ಒತ್ತಡ ಅದಲು ಬದಲಾಗುತ್ತದೆ, ಮತ್ತು ಇದು ದಿನವಿಡೀ ನಡೆಯುತ್ತದೆ. ನಮ್ಮ ಆಟದ ನಾಲ್ಕು ಕಾಲುಗಳಲ್ಲಿ ಎರಡು ಕಡಿದ ಗಟ್ಟಿ ನೆಲದ ಮೇಲಿದ್ದವು, ಇನ್ನೆರಡು ತುಂಬಿಸಿದ ಮಣ್ಣಿನ ಮೇಲಿದ್ದವು. ತಯಾರಕರು ಕೊಟ್ಟ ಅಡಿಪಾಯದ ನಕ್ಷೆಯ ಮೂಲೆಯಲ್ಲಿ ನೆಲಕ್ಕೆ ಇಷ್ಟು ಧಾರಣಶಕ್ತಿ (ಭಾರ ಹೊರುವ ಸಾಮರ್ಥ್ಯ) ಇರಲೇಬೇಕು ಎಂಬ ಒಂದು ಸಾಲಿತ್ತು. ಆ ಸಾಲನ್ನು ನಾನು ಓದಿದ್ದೆ. ಮಣ್ಣು ಪರೀಕ್ಷೆ ಮಾಡಿಸಲು ತಗಲುತ್ತಿದ್ದ ಹಣ ಇಡೀ ಖರ್ಚಿನ ಮುಂದೆ ಏನೂ ಅಲ್ಲ, ಆದರೂ ಬೇಸಿಗೆ ರಜೆಯೊಳಗೆ ಆಟ ಶುರುವಾಗಬೇಕೆಂಬ ಅವಸರದಲ್ಲಿ ಮಾಡಿಸಲಿಲ್ಲ.

ನೀರಿನ ವಿಷಯದಲ್ಲಿ ಇನ್ನೂ ದೊಡ್ಡ ಅನಾಹುತ ಮಾಡಿಕೊಂಡೆವು. ಅಂಗಳ ಮಾಡುವಾಗ ಹಳಿಯ ಮೇಲ್ಬದಿಯ ಕಾಲುವೆ ಮುಚ್ಚಿಹೋಯಿತು, ಅದಕ್ಕೆ ಬದಲಿ ಕಾಲುವೆಯನ್ನು ಯಾರೂ ಯೋಚಿಸಲಿಲ್ಲ. ಕೆಳಗೆ ಕಟ್ಟಿಸಿದ ತಡೆಗೋಡೆಯಲ್ಲಿ ನೀರು ಹೊರಬರಲು ಪೈಪುಗಳನ್ನು ಇಡಿಸಿದ್ದೆವು, ಆದರೆ ಗೋಡೆಯ ಬೆನ್ನಿಗೆ ಜಲ್ಲಿ ಹಾಕಿಸದೆ ಬರಿಯ ಮಣ್ಣನ್ನೇ ತುಂಬಿಸಿದ್ದರಿಂದ ಮೊದಲ ಮಳೆಗಾಲದಲ್ಲೇ ಪೈಪುಗಳು ಕಟ್ಟಿಕೊಂಡವು. ಹಾಗೆ ಕಟ್ಟಿಕೊಂಡ ಮೇಲೆ ಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ತಡೆಯಬೇಕಾಗುತ್ತದೆ, ಸಾಮಾನ್ಯವಾಗಿ ಅದಕ್ಕೆ ತಕ್ಕಂತೆ ಗೋಡೆ ಕಟ್ಟಿರುವುದಿಲ್ಲ. ಮಳೆ ನಿಂತ ಮೇಲೆ ಅಂಗಳದ ಕಾಂಕ್ರೀಟಿನಲ್ಲಿ, ಕಡಿದ ನೆಲವೂ ತುಂಬಿಸಿದ ನೆಲವೂ ಸೇರುವ ಗೆರೆಯಲ್ಲೇ, ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಸಿಮೆಂಟಿನ ಹಾಲು ಸುರಿದು ಮುಚ್ಚಿಸಿದೆವು. ಮರುವರ್ಷ ಅದೇ ಗೆರೆ ನಾಣ್ಯ ತೂರುವಷ್ಟು ಅಗಲವಾಯಿತು, ಕೆಳಬದಿಯ ಎರಡು ಕಾಲುಗಳ ನಟ್ಟುಗಳನ್ನು ಮಾತ್ರ ಮತ್ತೆ ಮತ್ತೆ ಬಿಗಿಯಬೇಕಾಗುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗ ಇದನ್ನು ಬಂದು ಹೇಳಿದಾಗ ಬೋಲ್ಟು ಕಳಪೆ ಇರಬೇಕೆಂದು ನಾನು ಹೊಸ ಬೋಲ್ಟು ತರಿಸಿದೆನೇ ಹೊರತು ನೆಲ ಕುಸಿಯುತ್ತಿದೆ ಎಂದು ತಿಳಿದುಕೊಳ್ಳಲಿಲ್ಲ.

2018ರ ಆಗಸ್ಟ್ ತಿಂಗಳ ನಡುವಿನ ಮಳೆಯ ಬಗ್ಗೆ ಕೊಡಗಿನವರಾದ ನಿಮಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಜನ ಮನೆ, ತೋಟ, ತಮ್ಮವರನ್ನು ಕಳೆದುಕೊಂಡ ಆ ದಿನಗಳಲ್ಲಿ ನಮ್ಮ ಉದ್ಯಾನ ಮುಚ್ಚಿತ್ತು, ಆದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಕಡಿದ ಬರೆ ಮರಗಳ ಸಮೇತ ಜರಿದು ಆಟದ ನಿಯಂತ್ರಣ ಕೊಠಡಿಯ ಮೇಲೆ ಬಿದ್ದಿತ್ತು, ತಡೆಗೋಡೆ ಹೊಟ್ಟೆ ಬಿಟ್ಟು ಒಡೆದಿತ್ತು, ಕೆಳಗಿನ ಎರಡು ಕಾಲುಗಳು ವಾಲಿದ್ದವು. ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಆ ವರ್ಷದ ಭೂಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೇಳಿದರು. ನಮ್ಮ ಜಾಗದಲ್ಲಿ ದೊಡ್ಡಪ್ಪನ ಹಳಿ ಹಾದುಹೋಗಿದ್ದ, ನಾವು ಕೈ ಹಾಕದ ಉಳಿದ ಭಾಗ ಒಂದಿಷ್ಟೂ ಜರಿದಿರಲಿಲ್ಲ. ಯಂತ್ರವನ್ನು ಬಿಚ್ಚಿ ಸಿಕ್ಕಿದ ಬೆಲೆಗೆ ಮಾರಿದೆವು, ಸಾಲ ತೀರಿಸಲು ತೋಟದ ಒಂದು ಭಾಗವನ್ನೂ ಮಾರಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ರೈಲು ಹಳೆಯದಾದ್ದರಿಂದ ಜನ ಕಡಿಮೆಯಾಗಿದ್ದಾರೆ ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ಮೈ ನಡುಗಿಸುವ ಅನುಭವ ಬೇಕಾದ ಯುವಕರು ಕೊಡಗಿಗೆ ಬಂದರೆ ಮಾಂದಲ್‌ಪಟ್ಟಿಗೆ ಜೀಪು ಹತ್ತುತ್ತಾರೆ, ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟಿಂಗ್ ಮಾಡುತ್ತಾರೆ; ಬೆಂಗಳೂರಿನ ಹತ್ತಿರ ಬಿಡದಿಯಲ್ಲೇ ಅವರಿಗೆ ಬೇಕಾದ ದೊಡ್ಡ ಆಟಗಳಿರುವಾಗ ನಮ್ಮಲ್ಲಿಯ ಒಂದು ಆಟಕ್ಕಾಗಿ ಘಾಟಿ ಹತ್ತಿ ಬರುವುದಿಲ್ಲ. ನಿಮ್ಮ ಗೇಟಿನೊಳಗೆ ಬರುವವರು ಅಜ್ಜಿಯನ್ನೂ ಮೊಮ್ಮಗುವನ್ನೂ ಒಟ್ಟಿಗೆ ಕರೆದುಕೊಂಡು ಬಂದ ಸಂಸಾರಸ್ಥರು. ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂರಬಹುದಾದ ಆಟ ರೈಲು ಮಾತ್ರ. ತೂಗುವ ಆಟ ಬಂದ ಮೇಲೆ ನಮ್ಮಲ್ಲಿ ಇಂಥ ಕುಟುಂಬಗಳು ಟಿಕೆಟ್ ಕೌಂಟರಿನ ಮುಂದೆ ನಿಂತು ನೋಡಿ ವಾಪಸಾಗುತ್ತಿದ್ದವು. ಸಾಲದ್ದಕ್ಕೆ ಗಾಳಿ ಮಳೆ ಜೋರಾದರೆ ಆ ಯಂತ್ರವನ್ನು ನಿಲ್ಲಿಸಲೇಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದು ಎಷ್ಟು ದಿನ ಓಡೀತು ಎಂಬುದನ್ನು ನೀವೇ ಲೆಕ್ಕ ಹಾಕಿ. ಮೇಲೆ ಮಾಡು ಇರುವ ಬೋಗಿ ಜಿನುಗು ಮಳೆಯಲ್ಲೂ ಸುತ್ತಿ ಬರುತ್ತದೆ.

ಹಳೆಯ ಆಟದ ದಾರಿಯನ್ನು ಉಳಿಸಿಕೊಂಡು ಉಳಿದದ್ದನ್ನು ಹೊಸದು ಮಾಡುವುದು ಬಡವರ ಉಪಾಯವಲ್ಲ, ಹಣಕ್ಕೆ ಕೊರತೆಯಿಲ್ಲದವರೂ ಹಾಗೆ ಮಾಡುತ್ತಾರೆ. ಫ್ಲಾರಿಡಾದ ಎಪ್ಕಾಟ್ ಉದ್ಯಾನದಲ್ಲಿ 1988ರಿಂದ ಇದ್ದ ಮೇಲ್‌ಸ್ಟ್ರಾಮ್ ಎಂಬ ದೋಣಿ ಸವಾರಿಯನ್ನು 2014ರಲ್ಲಿ ನಿಲ್ಲಿಸಿದ ಡಿಸ್ನಿ ಸಂಸ್ಥೆ ಅದೇ ನೀರಿನ ಕಾಲುವೆಯಲ್ಲಿ 2016ರಲ್ಲಿ ಫ್ರೋಜನ್ ಚಲನಚಿತ್ರದ ಕಥೆಯ ಸವಾರಿಯನ್ನು ಆರಂಭಿಸಿತು. ಕ್ಯಾಲಿಫೋರ್ನಿಯಾದಲ್ಲಿ 1978ರ ಕೊಲೊಸಸ್ ಎಂಬ ಮರದ ರೋಲರ್ ಕೋಸ್ಟರಿಗೆ 2015ರಲ್ಲಿ ಉಕ್ಕಿನ ಹಳಿ ಹಾಕಿ ಹೊಸ ಹೆಸರಿನಲ್ಲಿ ಓಡಿಸಿದರು. ವಿಯೆನ್ನಾದ 1897ರ ದೈತ್ಯ ಚಕ್ರ ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಹೋದ ಮೇಲೆ ಅದನ್ನು ಮತ್ತೆ ಕಟ್ಟಿದವರು ತೊಟ್ಟಿಲುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಭಾರ ಕಡಿಮೆ ಮಾಡಿದರು, ಅದು ಇಂದಿಗೂ ತಿರುಗುತ್ತಿದೆ.

ಬಣ್ಣ ಬಳಿಸಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ 2019ರ ಜುಲೈನಲ್ಲಿ ತೂಗುವ ಆಟ ಮುರಿದು ಬಿದ್ದು ಇಬ್ಬರು ಸತ್ತರು. ಓಡುವ ಯಂತ್ರದ ಲೋಹವನ್ನು ಪರೀಕ್ಷಿಸದೆ ಒಂದು ಮಗುವನ್ನೂ ಕೂರಿಸಕೂಡದು. ಬೋಗಿಗಳನ್ನು ಎತ್ತಿ ಚಕ್ರದ ಅಚ್ಚುಗಳನ್ನು ಹೊರತೆಗೆಸಿ, ಲೋಹದ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡುವವರನ್ನು ಮೈಸೂರಿನಿಂದ ಕರೆಸಿ. ಅವರು ಗ್ರೀಸನ್ನು ಪೂರ್ತಿ ತೊಳೆದು, ಕೆಂಪು ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ಪುಡಿ ಹಾರಿಸುತ್ತಾರೆ. ಬಿರುಕಿದ್ದರೆ ಆ ಬಿಳುಪಿನಲ್ಲಿ ಕೆಂಪು ಗೆರೆಯೊಂದು ನಿಧಾನವಾಗಿ ಮೂಡುತ್ತದೆ. ಗೆರೆ ಮೂಡಿದ ಅಚ್ಚನ್ನು ಬೆಸೆಸಬೇಡಿ, ಹೊಸದನ್ನೇ ಹಾಕಿಸಿ. ಬೋಗಿಯ ಅಡಿಚೌಕಟ್ಟಿನ ಪೊಳ್ಳು ಕೊಳವೆಗಳು ನಮ್ಮ ಥಂಡಿಯಲ್ಲಿ ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗಿನ ಬಣ್ಣವನ್ನು ನಂಬದೆ ತಟ್ಟಿ, ಕೊರೆದು ನೋಡಿಸಿ. ತಿರುವುಗಳಲ್ಲಿ ಎರಡು ಹಳಿಗಳ ನಡುವಿನ ಅಂತರವನ್ನು ಅಳೆಸಿ, ಸ್ಲೀಪರುಗಳು (ಹಳಿಯ ಕೆಳಗಿನ ಅಡ್ಡಪಟ್ಟಿಗಳು) ಕೊಳೆತಲ್ಲೆಲ್ಲ ಅಂತರ ಹಿಗ್ಗಿರುತ್ತದೆ, ರೈಲು ಹಳಿ ತಪ್ಪುವುದು ಅಲ್ಲಿಯೇ. ಡೀಸೆಲ್ ಎಂಜಿನ್ನನ್ನು ಮಾತ್ರ ಯಾವ ಮಮಕಾರವೂ ಇಲ್ಲದೆ ತೆಗೆದು ಬ್ಯಾಟರಿ ಮೋಟರ್ ಹಾಕಿಸಿ. ಹೊಗೆ ಮತ್ತು ಸದ್ದು ಹೋದರೆ ಹಕ್ಕಿಗಳ ಕೂಗು ಕೇಳುತ್ತಾ ಮರಗಳ ನಡುವೆ ಸಾಗಬಹುದು, ಕೊಡಗಿಗೆ ಬರುವವರು ಹಣ ಕೊಡಲು ಸಿದ್ಧರಿರುವುದು ಅದಕ್ಕೆ.

ಅಡಿಚೌಕಟ್ಟುಗಳು ಪೂರ್ತಿ ತಿಂದುಹೋಗಿದ್ದರೆ ಬೋಗಿಗಳನ್ನು ಗುಜರಿಗೆ ಹಾಕಿ, ಆದರೆ ಹೊಸ ಬೋಗಿಗಳನ್ನು ಅದೇ ಹಳಿಯ ದಾರಿಯಲ್ಲಿ ಓಡಿಸಿ. ಹಳಿಯ ಕೆಳಗಿನ ನೆಲವೇ ಜಾರುತ್ತಿದ್ದರೆ ಮಾತ್ರ ರೈಲನ್ನು ನಿಲ್ಲಿಸಬೇಕು, ಹಾಗಾದಾಗ ಆ ಜಾಗದಲ್ಲಿ ಬೇರೆ ಯಾವ ಯಂತ್ರವನ್ನೂ ನಿಲ್ಲಿಸುವ ಮಾತೇ ಇಲ್ಲ.

ನಿಮ್ಮ ಅಣ್ಣ ತರಿಸಿರುವ ದರಪಟ್ಟಿಯಲ್ಲಿ ಯಂತ್ರದ ಬೆಲೆ ಮತ್ತು ಸಾಗಾಣಿಕೆ ಮಾತ್ರ ಇರುತ್ತದೆ, ನಮ್ಮದರಲ್ಲೂ ಅಷ್ಟೇ ಇತ್ತು. ಮಣ್ಣು ಪರೀಕ್ಷೆ, ಬರೆ ಕಡಿಯುವ ಖರ್ಚು, ಜಲ್ಲಿಯ ಬೆನ್ನಿರುವ ತಡೆಗೋಡೆ, ಹೊಸ ಕಾಲುವೆ, ಹೆಚ್ಚಿನ ವಿದ್ಯುತ್ತಿಗೆ ಬೇಕಾಗುವ ಟ್ರಾನ್ಸ್‌ಫಾರ್ಮರ್, ಮಳೆಗಾಲದ ತಿಂಗಳುಗಳಲ್ಲಿ ಆಟ ನಿಂತರೂ ಕಟ್ಟಬೇಕಾದ ಸಾಲದ ಕಂತು, ಇವನ್ನೆಲ್ಲ ಅದೇ ಹಾಳೆಯ ಕೆಳಗೆ ಬರೆದು ಕೂಡಿಸಿ, ಪಕ್ಕದಲ್ಲಿ ಅಚ್ಚು, ಸ್ಲೀಪರು, ಬ್ಯಾಟರಿ ಮೋಟರಿನ ಖರ್ಚನ್ನು ಬರೆದು ಅವರಿಗೆ ತೋರಿಸಿ. ಅವರು ಏನೇ ತೀರ್ಮಾನಿಸಲಿ, ಹಳಿಯ ಮೇಲ್ಬದಿಯಲ್ಲಿ ಕಾಲುವೆಯಿದ್ದರೆ ಈ ಮೇ ತಿಂಗಳೊಳಗೆ ಅದರ ಹೂಳೆತ್ತಿಸಿ.