ಸಾಫ್ಟ್ ಪ್ಲಾಸ್ಟಿಕ್ ಲೂರ್ ನೀರಲ್ಲಿ ಗಿರಗಿರ ತಿರುಗುತ್ತೆ, ಜಿಗ್ ಹೆಡ್‌ನಿಂದ ಜಾರುತ್ತೆ. ಏನು ತಪ್ಪು?

ನೀವು ಬರೆದ ಪ್ರಕಾರ ಲೂರ್ (ಮೀನು ಹಿಡಿಯುವ ಮೆತ್ತನೆಯ ನಕಲಿ ಮೀನು) 4 ಇಂಚಿನ ಪ್ಯಾಡಲ್ ಟೇಲ್, ಅಂದರೆ ಅಗಲ ಬಾಲದ್ದು; ಜಿಗ್ ಹೆಡ್ (ಸೀಸದ ತಲೆ ಇರುವ ಕೊಕ್ಕೆ) 14 ಗ್ರಾಂ, ಜಾಗ ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಗುರಿ ಬಾರಮುಂಡಿ ಮೀನು. ಲೂರಿನಲ್ಲಿ ದೋಷ ಇರುವ ಸಾಧ್ಯತೆ ಕಡಿಮೆ. ಕೊಕ್ಕೆ ಬೆನ್ನಿನಿಂದ ಹೊರಬರುವ ಜಾಗ ನೋಡಿ, ತೊಂದರೆ ಅಲ್ಲೇ ಇರುತ್ತದೆ.

ಜಿಗ್ ಹೆಡ್ಡನ್ನು ಲೂರಿನ ಪಕ್ಕಕ್ಕೆ ಹಿಡಿಯಿರಿ, ಸೀಸದ ತಲೆಯ ಹಿಂಬದಿ ಲೂರಿನ ಮೂತಿಗೆ ಸಮವಾಗಿರಲಿ. ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಬೆನ್ನ ಮೇಲೆ ಉಗುರಿನಿಂದ ಗೀರು ಹಾಕಿ. ಮೂತಿಯ ನಟ್ಟನಡುವೆ ಚುಚ್ಚಿ, ಲೂರನ್ನು ಕೊಕ್ಕೆಯ ಮೇಲೆ ಸ್ವಲ್ಪಸ್ವಲ್ಪವೇ ಏರಿಸಿ. ಹೆಚ್ಚಿನ ಲೂರುಗಳ ಬೆನ್ನಲ್ಲಿ ಅಚ್ಚಿನ ಸಣ್ಣ ಗೆರೆ ಇರುತ್ತದೆ. ತುದಿ ಆ ಗೆರೆಯ ಮೇಲೇ, ಗೀರು ಹಾಕಿದಲ್ಲೇ ಹೊರಬರಬೇಕು. ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಲೂರ್ ಮಗುಚಿ ತಿರುಗುತ್ತದೆ, ಲೈನ್, ಅಂದರೆ ಗಾಳದ ದಾರ, ಹುರಿಗಟ್ಟುತ್ತದೆ. ಗೀರಿಗಿಂತ ಮುಂದೆ ತೆಗೆದರೆ ಪ್ಲಾಸ್ಟಿಕ್ ಹಿಗ್ಗಿ ಕೂರುತ್ತದೆ, ನಾಲ್ಕು ಎಸೆತದಲ್ಲಿ ಹಿಂದಕ್ಕೆ ಜಾರುತ್ತದೆ. ನಿಮ್ಮದು ಜಾರುವುದು ಇದರಿಂದಲೇ ಇರಬೇಕು. ಹಿಂದೆ ತೆಗೆದರೆ ಬೆನ್ನು ಗೂನಾಗುತ್ತದೆ, ಬಾಲ ಸರಿಯಾಗಿ ಬಡಿಯುವುದಿಲ್ಲ.

ನೇರವಾಗಿ ಕೂತ ಮೇಲೆ ಮೂತಿಯನ್ನು ಸ್ವಲ್ಪ ಹಿಂದೆ ಸರಿಸಿ, ಲೂರಿನ ಎಣ್ಣೆ ಒರೆಸಿ, ಸೀಸದ ಕಾಲರ್‌ಗೆ (ತಲೆಯ ಹಿಂದಿನ ಕತ್ತಿಗೆ) ಒಂದು ಹನಿ ಸೂಪರ್ ಗ್ಲೂ ಹಾಕಿ ಒತ್ತಿ ಹಿಡಿಯಿರಿ. ಪೊಟ್ಟಣದಲ್ಲೇ ಬಾಲ ಸೊಟ್ಟಗಾಗಿದ್ದರೆ ಗ್ಲೂ, ಗೀರು ಯಾವುದೂ ಉಪಯೋಗವಿಲ್ಲ. ಮೊದಲು ಅರ್ಧ ನಿಮಿಷ ಬಿಸಿನೀರಲ್ಲಿ ಅದ್ದಿ, ನೇರ ಮಾಡಿ ತಣ್ಣೀರಿಗೆ ಹಾಕಿ.

ಕೊಕ್ಕೆಯ ಅಳತೆ 4 ಇಂಚಿನ ಲೂರಿಗೆ 3/0, 3 ಇಂಚಿನದಕ್ಕೆ 1/0 ಅಥವಾ 2/0. ಬಾರಮುಂಡಿಗೆ ದಪ್ಪ ತಂತಿಯದೇ ಬೇಕು; ಅಗ್ಗದ ತೆಳು ಕೊಕ್ಕೆ ದೊಡ್ಡ ಮೀನು ಎಳೆದಾಗ ನೆಟ್ಟಗಾಗಿಬಿಡುತ್ತದೆ.

14 ಗ್ರಾಂ ನಿಮ್ಮ ಜಾಗಕ್ಕೆ ಭಾರ. ಒಂದೆರಡು ಮೀಟರ್ ನೀರಿಗೆ 5ರಿಂದ 7 ಗ್ರಾಂ ಸಾಕು. 14 ಗ್ರಾಂ ಇಳಿತದ ಸೆಳೆತ ಜೋರಾಗಿರುವ ನಡುಕಾಲುವೆಗೆ ಇಟ್ಟುಕೊಳ್ಳಿ. ಭಾರ ಹೆಚ್ಚಾದರೆ ಲೂರ್ ಕಲ್ಲಿನಂತೆ ಕೆಳಗೆ ಬೀಳುತ್ತದೆ, ಮೀನಿಗೆ ನೋಡಲು ಸಮಯವೇ ಸಿಗುವುದಿಲ್ಲ. ಮೇಲಾಗಿ ತೇಲಿಸಿಡಲು ನೀವು ಜೋರಾಗಿ ಸುತ್ತಬೇಕಾಗುತ್ತದೆ. ವೇಗ ಹೆಚ್ಚಿದರೆ ಚೆನ್ನಾಗಿ ಕೂತ ಲೂರೂ ತಿರುಗುತ್ತದೆ. ಎಸೆಯುವ ಮೊದಲು ಕಾಲ ಬಳಿಯ ನೀರಲ್ಲಿ ಒಂದು ಮಾರು ಎಳೆದು ನೋಡುವುದು ಅಭ್ಯಾಸವಾಗಲಿ.

ತಳ ಮುಟ್ಟಿಸಿ, ರಾಡ್ ತುದಿಯಲ್ಲಿ ಬಾಲದ ಬಡಿತ ಗೊತ್ತಾಗುವಷ್ಟು ಮಾತ್ರ ನಿಧಾನ ಸುತ್ತಿ. ನಾಲ್ಕೈದು ಸುತ್ತಿಗೊಮ್ಮೆ ರಾಡ್ ಎತ್ತಿ ಲೂರನ್ನು ಬೀಳಲು ಬಿಡಿ. ಮೀನಿನ ಹೆಚ್ಚಿನ ಹೊಡೆತ ಲೂರ್ ಬೀಳುವಾಗಲೇ ಬರುವುದು, ಹಾಗಾಗಿ ಲೈನ್ ಸಡಿಲ ಬಿಡಬೇಡಿ. ಲೈನ್ ಪಕ್ಕಕ್ಕೆ ಜಿಗಿದರೆ ಅಥವಾ ಬೇಗ ಸಡಿಲವಾದರೆ ಎಳೆಯಿರಿ. ಬಾಲ ಅರ್ಧಚಂದ್ರಾಕಾರಕ್ಕೆ ಕತ್ತರಿಸಿ ಬಂದರೆ ಅದು ಪಫರ್ ಮೀನಿನ ಕೆಲಸ, ಜಾಗ ಬದಲಿಸಿ.

ಲೀಡರ್ (ಲೈನಿನ ಕೊನೆಗೆ, ಲೂರಿನ ಮುಂದೆ ಕಟ್ಟುವ ಗಟ್ಟಿ ದಾರ) 30ರಿಂದ 40 ಪೌಂಡ್ ಫ್ಲೋರೋಕಾರ್ಬನ್ ಇರಲಿ. ಬಾರಮುಂಡಿಯ ಬಾಯಿ ಒರಟು, ಕಿವಿರು ಮುಚ್ಚಳ ಬ್ಲೇಡಿನಷ್ಟು ಹರಿತ. ಜಿಗ್ ಹೆಡ್‌ಗೆ ಬಿಗಿ ಗಂಟಿನ ಬದಲು ಜಾರದ ಲೂಪ್ ಗಂಟು ಹಾಕಿ, ಲೂರ್ ಸಲೀಸಾಗಿ ಅಲುಗಾಡುತ್ತದೆ. ತೀರಾ ಬೇರಿನ ಒಳಗೇ ಎಸೆಯಬೇಕಿದ್ದರೆ ಜಿಗ್ ಹೆಡ್ ಬಿಡಿ. ಮೂತಿಗೆ ಸ್ಕ್ರೂ, ಹೊಟ್ಟೆಯ ಕೆಳಗೆ ಸೀಸ ಇರುವ ವೀಡ್‌ಲೆಸ್ (ಬೇರು, ಕಸಕ್ಕೆ ಸಿಕ್ಕಿಕೊಳ್ಳದ) ಕೊಕ್ಕೆ ಹಾಕಿ, ತುದಿಯನ್ನು ಬೆನ್ನಿನ ಸೀಳಿನಲ್ಲಿ ಅಡಗಿಸಿ. ಮೀನು ಕಚ್ಚಿದಾಗ ಸ್ವಲ್ಪ ಜೋರಾಗಿ ಎಳೆಯಬೇಕು, ಅಷ್ಟೇ.

ಎಲಾಸ್ಟೋಮರ್ (ರಬ್ಬರಿನಂತೆ ಹಿಗ್ಗುವ ವಸ್ತುವಿನ) ಲೂರುಗಳನ್ನು ಮಾಮೂಲಿ ಪ್ಲಾಸ್ಟಿಕ್ ಲೂರುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಎರಡೂ ಕರಗಿ ಅಂಟಿಕೊಳ್ಳುತ್ತವೆ.